ಮನೆಮನೆಗೆ ಹೋದ ಸಭೆ

ಕೋರಂ ಮಾಮನಿಗೆ ಆ ಹೆಸರು ಬಂದದ್ದು ಒಂದು ತಪ್ಪಿನಿಂದ. ಅದು ತಪ್ಪು ಎಂದು ತಿಳಿಯಲು ಅವನಿಗೆ ಹದಿನಾರು ವರ್ಷ ಹಿಡಿಯಿತು. ಅಷ್ಟೂ ವರ್ಷ ಅವನು ಅದನ್ನು ಬಿರುದಿನ ಹಾಗೆ ಹೊತ್ತುಕೊಂಡು ತಿರುಗಿದ.

ಅವನು ಕೆಲಸ ಮಾಡುತ್ತಿದ್ದದ್ದು ವಯಸ್ಸು ಬೆಳೆದರೂ ಬುದ್ಧಿ ಮಗುವಿನದಾಗಿಯೇ ಉಳಿದ ಹೆಣ್ಣುಮಕ್ಕಳ ಮನೆಯೊಂದರಲ್ಲಿ. ಒಟ್ಟು ಇಪ್ಪತ್ತಮೂರು ಜನ. ಎಲ್ಲರಿಗಿಂತ ಚಿಕ್ಕವಳಿಗೆ ಮೂವತ್ತು, ಎಲ್ಲರಿಗಿಂತ ದೊಡ್ಡವಳಿಗೆ ಅರವತ್ತರ ಹತ್ತಿರ. ಮನೆಯನ್ನು ನಡೆಸಲು ಒಂದು ಸಂಘ, ಸಂಘಕ್ಕೆ ಒಂಬತ್ತು ಜನರ ಆಡಳಿತ ಮಂಡಳಿ, ಮಂಡಳಿಗೆ ಒಬ್ಬ ಗುಮಾಸ್ತ. ಆ ಗುಮಾಸ್ತನೇ ನಮ್ಮ ಮಾಮ. ಅವನ ಮೇಜು ಮಹಡಿ ಮೆಟ್ಟಿಲ ಕೆಳಗಿನ ಸಂದಿಯಲ್ಲಿತ್ತು. ನೆಟ್ಟಗೆ ಎದ್ದರೆ ಮೆಟ್ಟಿಲು ನೆತ್ತಿಗೆ ಬಡಿಯುತ್ತಿತ್ತು. ಇಪ್ಪತ್ತೆರಡು ವರ್ಷ ಹಾಗೆ ಬಗ್ಗಿ ಬಗ್ಗಿ ಎದ್ದವನು ಬಸ್ಸಿನಲ್ಲಿ, ಆಸ್ಪತ್ರೆಯಲ್ಲಿ, ನೆಂಟರ ಮನೆಯಲ್ಲಿ ಎಲ್ಲೆಂದರಲ್ಲಿ ತಲೆ ತಗ್ಗಿಸಿಯೇ ಏಳುತ್ತಿದ್ದ. ನೋಡಿದವರು ಎಂಥ ವಿನಯವಂತ ಎಂದುಕೊಳ್ಳುತ್ತಿದ್ದರು.

ಆ ಇಪ್ಪತ್ತಮೂರು ಜನರಲ್ಲಿ ಒಬ್ಬಳು ಅವನ ಒಡಹುಟ್ಟಿದ ತಂಗಿ. ಅವಳಿಗೆ ನಲವತ್ತೆಂಟಾದರೂ ಎಲ್ಲರಿಗೂ ಪುಟ್ಟಿಯೇ. ತಾಯಿ ಇರುವವರೆಗೆ ತಾಯಿಯ ಸೆರಗು ಹಿಡಿದೇ ಬೆಳೆದವಳು. ತಾಯಿ ಹೋದ ಮೇಲೆ ಅಣ್ಣನ ಮನೆಗೆ ಬಂದಳು. ಅಣ್ಣ ಅತ್ತಿಗೆ ಇಬ್ಬರೂ ಕೆಲಸಕ್ಕೆ ಹೋಗುವವರು. ಬಾಗಿಲಿಗೆ ಬೀಗ ಹಾಕಿದರೆ ಒಳಗಿಂದ ಅಳುತ್ತಿದ್ದಳು, ಹಾಕದಿದ್ದರೆ ಬಸ್ ನಿಲ್ದಾಣದಲ್ಲಿ ಸಿಗುತ್ತಿದ್ದಳು. ಎರಡನೇ ಸಲ ನಿಲ್ದಾಣದಿಂದ ಕರೆತಂದ ದಿನವೇ ಮಾಮ ಡಾಕ್ಟರಮ್ಮನ ಎದುರು ಹೋಗಿ ನಿಂತ.

ಡಾಕ್ಟರಮ್ಮ ಆ ಮನೆ ಕಟ್ಟಿದವರು. ತಮ್ಮ ಕ್ಲಿನಿಕ್ಕಿನ ಕಟ್ಟಡವನ್ನೇ ಬಿಟ್ಟುಕೊಟ್ಟು, ಊರಿನ ಎಂಟು ಜನರನ್ನು ಹಿಡಿದು ತಂದು, ತಾವೇ ಅಧ್ಯಕ್ಷರಾಗಿ ಮಂಡಳಿ ಮಾಡಿದವರು. ಅವರು ಮಾಮನನ್ನು ಮೇಲಿಂದ ಕೆಳಗೆ ನೋಡಿ ಹೇಳಿದರು: "ನಿನ್ನ ತಂಗಿಗೆ ಜಾಗ ಕೊಡ್ತೀನಿ. ನಿನ್ನ ಅಕ್ಷರ ಚೆನ್ನಾಗಿದೆ ಅಂತಾರೆ, ನಿನಗೆ ಕೆಲಸಾನೂ ಕೊಡ್ತೀನಿ. ಆದ್ರೆ ಒಂದು ಮಾತು. ಒಳಗೆ ತನ್ನವರು ಇರೋನು ಮಂಡಳಿ ವಿಷಯದಲ್ಲಿ ಬಾಯಿ ಹಾಕ್ಬಾರ್ದು. ಇವತ್ತು ತಂಗಿಗೆ ಕಿಟಕಿ ಪಕ್ಕದ ಮಂಚ ಕೇಳ್ತೀಯ, ನಾಳೆ ಇನ್ನೊಂದು. ಬರಿ, ಓದು, ಸಹಿ ಹಾಕಿಸ್ಕೋ. ಅಭಿಪ್ರಾಯ ಮಾತ್ರ ಹೇಳ್ಬೇಡ."

ನ್ಯಾಯವಾದ ಮಾತೇ. ಮಾಮ ಅದನ್ನು ಅಕ್ಷರಶಃ ಪಾಲಿಸಿದ. ಅಕ್ಷರಶಃ ಪಾಲಿಸುವವರನ್ನು ಕಂಡರೆ ನನಗೆ ಗೌರವದಷ್ಟೇ ಭಯವೂ ಆಗುತ್ತದೆ.

ಪುಟ್ಟಿ ಆ ಮನೆಯಲ್ಲಿ ಅರಳಿದಳು. ಅವಳ ಪಕ್ಕದ ಮಂಚ ದೊಡ್ಡಿಯದು. ದೊಡ್ಡಿ ಎಂದರೆ ಆಳೆತ್ತರದ, ಅಗಲ ಭುಜದ ಹೆಂಗಸು. ಯಾರೋ ಆಸ್ಪತ್ರೆಯ ಬಾಗಿಲಲ್ಲಿ ಬಿಟ್ಟುಹೋಗಿದ್ದರು. ಅವಳಿಗೆ ಮಾತಿಲ್ಲ, ಕೈಸನ್ನೆಯೂ ಇಲ್ಲ. ಬೇಕಾದರೂ ಕೂಗು, ಬೇಡವಾದರೂ ಕೂಗು. ಕೇಳುವವರಿಗೆಲ್ಲ ಅದು ಒಂದೇ ಕೂಗು. ಪುಟ್ಟಿಗೆ ಮಾತ್ರ ಒಂದೊಂದೂ ಬೇರೆ. "ದೊಡ್ಡಿಗೆ ಹಲ್ಲು ನೋಯ್ತಿದೆ" ಎಂದು ಓಡಿಬರುತ್ತಿದ್ದಳು. ನೋಡಿದರೆ ಒಸಡು ಊದಿಕೊಂಡಿರುತ್ತಿತ್ತು. "ದೊಡ್ಡಿ ಕಿವಿಯಲ್ಲಿ ಏನೋ ಇದೆ" ಎಂದ ದಿನ ಡಾಕ್ಟರಮ್ಮ ಟಾರ್ಚ್ ಬಿಟ್ಟು ನೋಡಿ ಒಂದು ಗುಂಡಿ ತೆಗೆದರು, ಅಂಗಿಯ ಗುಂಡಿ. ಅಡುಗೆಯವಳು, "ದೊಡ್ಡಿ ನಾಲಿಗೆ ಇರೋದು ಪುಟ್ಟಿ ಬಾಯಲ್ಲಿ" ಎನ್ನುತ್ತಿದ್ದಳು. ಹತ್ತೊಂಬತ್ತು ವರ್ಷ ಆ ಇಬ್ಬರು ಹಾಗೇ ಬದುಕಿದರು. ದೊಡ್ಡಿಗೆ ಏನಾದರೂ ಆದರೆ ಮನೆಯವರು ದೊಡ್ಡಿಯನ್ನು ನೋಡುತ್ತಿರಲಿಲ್ಲ, ಪುಟ್ಟಿಯನ್ನು ಕೇಳುತ್ತಿದ್ದರು. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ, ಆದರೆ ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ.

ಮೊದಲ ವರ್ಷಗಳಲ್ಲಿ ಮಂಡಳಿ ನಿಜವಾಗಿ ಸೇರುತ್ತಿತ್ತು. ಮೂರು ತಿಂಗಳಿಗೊಮ್ಮೆ ಊಟದ ಕೋಣೆಯಲ್ಲಿ ಕುರ್ಚಿ ಹಾಕುತ್ತಿದ್ದರು. ಡಾಕ್ಟರಮ್ಮನ ಕಟ್ಟಪ್ಪಣೆ ಒಂದಿತ್ತು: ಕೂರುವ ಮೊದಲು ಪ್ರತಿಯೊಬ್ಬ ಸದಸ್ಯರೂ ಮಲಗುವ ಕೋಣೆಗಳಲ್ಲಿ ಒಂದು ಸುತ್ತು ಹಾಕಿ ಬರಬೇಕು. ಬಂದ ಮೇಲೆ ಜಗಳ. ಬಕೆಟ್ಟು ತಗಡಿನದ್ದಿರಬೇಕೋ ಪ್ಲಾಸ್ಟಿಕ್ಕಿನದ್ದೋ ಎಂದು ಕಾಲೇಜಿನ ಪ್ರಿನ್ಸಿಪಾಲರಿಗೂ ಪ್ರೆಸ್ಸಿನ ಯಜಮಾನರಿಗೂ ಒಂದು ಗಂಟೆ ವಾಗ್ವಾದ ನಡೆದದ್ದುಂಟು. ಮಾಮ ಎಲ್ಲವನ್ನೂ ನಡಾವಳಿ ಪುಸ್ತಕದಲ್ಲಿ, ಅಂದರೆ ಸಭೆಯಲ್ಲಿ ಯಾರು ಏನೆಂದರು, ಕೊನೆಗೆ ಏನು ತೀರ್ಮಾನವಾಯಿತು ಎಂದು ಬರೆದಿಡುವ ದಪ್ಪ ಪುಸ್ತಕದಲ್ಲಿ, ಮುತ್ತು ಪೋಣಿಸಿದಂತೆ ಬರೆಯುತ್ತಿದ್ದ. ಬಕೆಟ್ಟಿನ ಜಗಳ ಮೂರು ಪುಟ ಇದೆ.

ಹದಿನಾರು ವರ್ಷದ ಹಿಂದೆ ಒಂದು ಮಧ್ಯಾಹ್ನ ಸಭೆಗೆ ಡಾಕ್ಟರಮ್ಮನೂ ಸೇರಿ ಮೂರೇ ಜನ ಬಂದರು. ಒಂಬತ್ತರಲ್ಲಿ ಐವರಿಲ್ಲದೆ ಸಭೆ ಸಭೆಯಲ್ಲ. ಅಷ್ಟು ಜನರಿರಬೇಕೆಂಬ ನಿಯಮಕ್ಕೇ ಕೋರಂ ಎನ್ನುವುದು. ಅದೇ ವಾರ ಸಂಘದ ನೋಂದಣಿ ನವೀಕರಣ ಆಗಬೇಕು, ಸಭೆ ನಡೆಯದಿದ್ದರೆ ಅದೂ ನಿಲ್ಲುತ್ತದೆ. ಬಂದ ಮೂವರು ಗಡಿಯಾರ ನೋಡುತ್ತಾ ಕೂತರು. ಆಗ ಮಾಮ ಮೆಟ್ಟಿಲ ಕೆಳಗಿನಿಂದ ತಲೆ ತಗ್ಗಿಸಿ ಎದ್ದು ಬಂದು, "ಪುಸ್ತಕ ಕೊಡಿ ಅಮ್ಮ, ಇಬ್ಬರ ಮನೆಗೆ ಹೋಗಿ ಸಹಿ ಹಾಕಿಸ್ಕೊಂಡು ಬಂದ್ಬಿಡ್ತೀನಿ" ಎಂದ. ಸೈಕಲ್ ಹತ್ತಿ ಹೋದವನು ಒಂದೂವರೆ ಗಂಟೆಯಲ್ಲಿ ಎರಡು ಸಹಿ ತಂದ. ಉಳಿದಿಬ್ಬರು ಬೆನ್ನು ತಟ್ಟಿದರು. ಡಾಕ್ಟರಮ್ಮ ಮಾತ್ರ ಮುಖ ಗಂಟಿಕ್ಕಿಕೊಂಡು, "ಈ ಸಲ ಆಯ್ತು. ಇನ್ನೊಂದು ಸಲ ಬೇಡ" ಎಂದರು.

ಇನ್ನೊಂದು ಸಲವೂ ಆಯಿತು. ಮತ್ತೊಂದು ಸಲವೂ ಆಯಿತು. ಸಹಿ ಮನೆಬಾಗಿಲಿಗೇ ಬರುತ್ತದೆ ಎಂದಾದ ಮೇಲೆ ಚಪ್ಪಲಿ ಮೆಟ್ಟಿ ಹೊರಡುವವರು ಯಾರು? ಡಾಕ್ಟರಮ್ಮನಿಗೂ ವಯಸ್ಸಾಯಿತು, ಗದರುವ ಶಕ್ತಿ ಕುಂದಿತು. ಎಂಟು ವರ್ಷದ ಹಿಂದೆ ಅವರು ತೀರಿಕೊಂಡಾಗ ಸಭೆಗೆ ಪೂರ್ತಿ ಕಾಲು ಬಂದಿತ್ತು. ಅದು ಮಾಮನ ಕೈಚೀಲದಲ್ಲಿ ಕೂತು ಮನೆಮನೆಗೆ ಹೋಗುತ್ತಿತ್ತು. "ಬಂದ್ರಪ್ಪಾ ನಮ್ಮ ಕೋರಂ ಮಾಮ!" ಎಂದು ಪ್ರೆಸ್ಸಿನ ಯಜಮಾನರು ಒಮ್ಮೆ ಕೂಗಿದ್ದೇ ಹೆಸರಾಗಿ ನಿಂತಿತು.

ಅಧ್ಯಕ್ಷರು ಹೇಳಿದ್ದನ್ನು ಮಾಮ ಮೊದಲೇ ಬರೆದಿಡುತ್ತಿದ್ದ: 'ಸದಸ್ಯರು ಕೂಲಂಕಷವಾಗಿ ಚರ್ಚಿಸಿ ಸರ್ವಾನುಮತದಿಂದ ತೀರ್ಮಾನಿಸಿದರು.' ಚರ್ಚೆ ನಡೆಯುತ್ತಿದ್ದದ್ದು ಅವನ ಪೆನ್ನಿಗೂ ಕಾಗದಕ್ಕೂ ಮಾತ್ರ. ಆದರೂ ಯಾವ ಇಲಾಖೆಯವರು ಬಂದು ಪುಸ್ತಕ ತೆಗೆದರೂ ಒಂದು ಸಹಿ ಕಡಿಮೆ ಇರುತ್ತಿರಲಿಲ್ಲ. ಊರಿನ ಬೇರೆ ಸಂಘಗಳ ಗುಮಾಸ್ತರು ಅವನ ಪುಸ್ತಕ ನೋಡಲು ಬರುತ್ತಿದ್ದರು. ಮನೆಯಲ್ಲಿ ಹೆಂಡತಿ, "ಊರವರ ಸಹಿಯೆಲ್ಲ ತರ್ತೀರ, ನಮ್ಮನೆ ಗ್ಯಾಸ್ ಪುಸ್ತಕಕ್ಕೆ ಒಂದು ಸಹಿ ಹಾಕೋಕೆ ನಿಮಗೆ ಪುರುಸೊತ್ತಿಲ್ಲ" ಎಂದು ಛೇಡಿಸುತ್ತಿದ್ದಳು. ಅವನು ನಗುತ್ತಿದ್ದ. ಮಲಗುವ ಕೋಣೆಗಳಲ್ಲಿ ಸುತ್ತು ಹಾಕುವ ಸದಸ್ಯರು ಯಾರೂ ಉಳಿದಿಲ್ಲ ಎಂಬುದು ಅವನ ತಲೆಗೆ ಹೊಳೆಯಲೇ ಇಲ್ಲ.

ಡಾಕ್ಟರಮ್ಮನ ನಂತರ ಅಧ್ಯಕ್ಷರಾದವರು ವಕೀಲರು. ಅವರನ್ನು ಕೆಟ್ಟವರು ಎಂದು ತೋರಿಸಿ ಕೈ ತೊಳೆದುಕೊಂಡರೆ ಕಥೆ ಹೇಳುವವನಿಗೆ ಸುಲಭ. ಆದರೆ ಅವರು ಕೆಟ್ಟವರಲ್ಲ. ಎಂಟು ವರ್ಷ ಪ್ರತಿ ಮಂಗಳವಾರ ಬಂದು ಒಂದು ಗಂಟೆ ಕೂತು ಕಾಗದ ಪತ್ರ ನೋಡಿದವರು ಅವರೊಬ್ಬರೇ. ಒಂದು ಮಂಗಳವಾರ ಅವರು ಟೈಪ್ ಮಾಡಿದ ಹಾಳೆ ತಂದು ಮಾಮನ ಮೇಜಿನ ಮೇಲಿಟ್ಟು, ಮೆಟ್ಟಿಲಿಗೆ ತಲೆ ತಾಗದಂತೆ ಬಗ್ಗಿ ಕೂತರು.

"ಹೊಸ ನಿಯಮ ಬಂದಿದೆ ಮಾಮ. ಇಂಥ ಮನೆಗೆ ಇಪ್ಪತ್ನಾಲ್ಕು ಗಂಟೆ ನರ್ಸ್ ಇರ್ಬೇಕಂತೆ, ಬಾಗಿಲು ಇಷ್ಟೇ ಅಗಲ ಇರ್ಬೇಕಂತೆ. ನಮ್ಮ ಹಿಂದಿನ ಗೋಡೆ ನೋಡಿದ್ರೆ ಬಿರುಕು ಬಿಟ್ಟಿದೆ. ಅಡುಗೆಯವಳು ಕೈಲಾಗಲ್ಲ ಅಂತಿದ್ದಾಳೆ. ನನಗೂ ಎಪ್ಪತ್ತಾಯ್ತು. ಮಂಡಳೀಲಿ ಒಬ್ಬರಾದ್ರೂ ಬಂದು ಏನ್ರೀ ಅಂತ ಕೇಳಲ್ಲ. ಒಬ್ಬನೇ ಎಷ್ಟು ದಿನ ಎಳೀಲಿ?"

ಹಾಳೆಯಲ್ಲಿದ್ದ ನಾಲ್ಕು ವಿಷಯಗಳಲ್ಲಿ ಕೊನೆಯದು ಇದು: ಮನೆಯನ್ನು ಮುಚ್ಚುವುದು, ನಿವಾಸಿಗಳನ್ನು ಅವರವರ ಸ್ಥಿತಿಗೆ ತಕ್ಕಂತೆ ಸೂಕ್ತ ಸಂಸ್ಥೆಗಳಿಗೆ ಕಳುಹಿಸುವುದು.

ಮಾಮ 'ಸಂಸ್ಥೆಗಳಿಗೆ' ಎಂಬಲ್ಲಿ ನಿಂತ. "ಒಂದೇ ಕಡೆ ಅಲ್ವಾ ಸಾರ್?"

"ಇಪ್ಪತ್ತಮೂರು ಜನಾನ ಒಟ್ಟಿಗೆ ಯಾರು ತಗೋತಾರೆ? ನಾಲ್ಕು ಊರಿನ ನಾಲ್ಕು ಸಂಸ್ಥೆ ಒಪ್ಪಿವೆ. ಮಾತಾಡೋರು ಒಂದು ಕಡೆ, ಮಾತು ಬರದೇ ಇರೋರು ಇನ್ನೊಂದು ಕಡೆ, ಹಾಗೆ ವಿಭಾಗ ಮಾಡ್ಕೊತಾರೆ. ಪುಟ್ಟಿಯನ್ನ ಬೇಕಾದ್ರೆ ನೀವು ಮನೆಗೆ ಕರ್ಕೊಂಡು ಹೋಗ್ಬಹುದು, ಅದಕ್ಕೇನೂ ಅಡ್ಡಿ ಇಲ್ಲ." ವಕೀಲರು ಕನ್ನಡಕ ತೆಗೆದು ಅವನನ್ನೇ ನೋಡಿದರು. "ಯಾಕೆ, ಏನಾದ್ರೂ ಹೇಳೋದಿತ್ತಾ?"

ಇತ್ತು. ಪುಟ್ಟಿ ಒಂದು ಕಡೆ, ದೊಡ್ಡಿ ಒಂದು ಕಡೆ ಆದರೆ ದೊಡ್ಡಿಗೆ ನೋವಾಗಿದ್ದನ್ನು ಲೋಕದಲ್ಲಿ ಹೇಳುವವರೇ ಇರುವುದಿಲ್ಲ ಎಂಬ ಒಂದೇ ಒಂದು ವಾಕ್ಯ ಅವನ ಗಂಟಲ ತನಕ ಬಂತು. ಒಳಗೆ ತನ್ನವರು ಇರೋನು ಬಾಯಿ ಹಾಕ್ಬಾರ್ದು ಎಂಬ ಮಾತು ಅದರ ಹಿಂದೆಯೇ ಬಂತು.

"ಇಲ್ಲ ಸಾರ್" ಎಂದ.

ಅಂದು ಸಂಜೆ ಹೆಂಡತಿಗೆ ವಿಷಯ ಹೇಳಿದಾಗ ಅವಳು ಹೊಲಿಗೆ ಯಂತ್ರ ನಿಲ್ಲಿಸಿದಳು. "ಬಾಯಿದ್ದವನು ಬರಗಾಲದಲ್ಲೂ ಬದುಕ್ತಾನಂತೆ. ನಿಮ್ಮ ಬಾಯಿ ಇರೋದು ಉಣ್ಣೋಕೆ ಮಾತ್ರನಾ?"

"ನನ್ನ ತಂಗಿ ಅಲ್ಲಿದ್ದಾಳೆ ಕಣೇ. ನಾನೇನು ಹೇಳಿದ್ರೂ ತಂಗಿಗೋಸ್ಕರ ಹೇಳ್ದ ಅಂತಾರೆ."

"ಅಂದ್ರೆ ಏನಾಗುತ್ತೆ? ತಂಗಿಗೋಸ್ಕರಾನೇ ಹೇಳಿ. ಅವಳನ್ನ ನಾಳೆನೇ ಕರ್ಕೊಂಡು ಬನ್ನಿ, ನಾನು ಕೆಲಸ ಬಿಟ್ಟು ಮನೆಯಲ್ಲೇ ಹೊಲೀತಾ ನೋಡ್ಕೋತೀನಿ. ಆ ಇನ್ನೊಬ್ಬಳನ್ನ ಯಾರ್ರೀ ನೋಡ್ಕೊಳ್ಳೋರು?"

ಮಾಮ ಕೈಚೀಲ ಎತ್ತಿ ಮೊಳೆಗೆ ತಗುಲಿಸಿದ. ಆದರೆ ಅವನಿಗೆ ಒಂದು ಧೈರ್ಯವಿತ್ತು. ಐದು ಸಹಿ ಬೇಕಲ್ಲ, ಐದು ಜನ ಓದಬೇಕಲ್ಲ. ಐವರಲ್ಲಿ ಒಬ್ಬರಾದರೂ "ಇದೇನ್ರೀ ಇದು?" ಎಂದು ಕೇಳದೆ ಇರುತ್ತಾರೆಯೇ? ಕೇಳಿದರೆ ಸಾಕು, ಕೇಳಿದ್ದಕ್ಕೆ ಉತ್ತರ ಹೇಳುವುದು ಬಾಯಿ ಹಾಕಿದಂತಲ್ಲ. ಅವನು ಮರುದಿನ ನಡಾವಳಿ ಬರೆಯುವಾಗ ನಾಲ್ಕನೆಯದಾಗಿದ್ದ ಆ ವಿಷಯವನ್ನು ಮೊದಲನೆಯದು ಮಾಡಿದ. ಅಕ್ಷರ ಎಂದಿಗಿಂತ ಎರಡರಷ್ಟು ದೊಡ್ಡದಾಗಿ ಬರೆದ. 'ಮುಚ್ಚುವುದು' ಎಂಬುದರ ಕೆಳಗೆ ಗೆರೆ ಎಳೆದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಲೆಕ್ಕ ಹಾಕಿದವನ ಜೀವಮಾನದ ಬಂಡಾಯ ಅಷ್ಟೇ.

ಅಧ್ಯಕ್ಷರ ಸಹಿ ಆಗಿತ್ತು. ಎರಡನೆಯದು ಹಲ್ಲಿನ ಡಾಕ್ಟರದು. ಕುರ್ಚಿಯಲ್ಲಿ ಒಬ್ಬರು ಬಾಯಿ ತೆರೆದುಕೊಂಡು ಮಲಗಿದ್ದರು. ಡಾಕ್ಟರು ಒಂದು ಕೈಯಲ್ಲಿ ಇಕ್ಕಳ ಹಿಡಿದೇ ಇನ್ನೊಂದು ಕೈಯ ಕೈಗವಸು ಕಳಚಿದರು. "ಎಲ್ಲಿ ಹಾಕ್ಲಿ?" ಎಂದರು. ಮಾಮ ಬೆರಳಿಟ್ಟು ತೋರಿಸಿದ್ದು ಸಹಿಯ ಜಾಗವನ್ನಲ್ಲ, ಗೆರೆ ಎಳೆದ ಪದವನ್ನು. ಡಾಕ್ಟರು ಅದರ ಕೆಳಗೇ ಸಹಿ ಹಾಕಲು ಹೋದರು. ಮಾಮನೇ ಅವರ ಕೈಯನ್ನು ಸರಿಯಾದ ಜಾಗಕ್ಕೆ ತರಬೇಕಾಯಿತು.

ಪ್ರೆಸ್ಸಿನ ಯಜಮಾನರು ಫೋನಿನಲ್ಲಿ ಯಾರಿಗೋ ಬಯ್ಯುತ್ತಿದ್ದರು. ಬಯ್ಗುಳ ನಿಲ್ಲಲಿಲ್ಲ, ಸಹಿಯೂ ನಿಲ್ಲಲಿಲ್ಲ. ಬಕೆಟ್ಟಿಗಾಗಿ ಒಂದು ಗಂಟೆ ಹೊಡೆದಾಡಿದವರು ಇಪ್ಪತ್ತಮೂರು ಜನರ ಮನೆಗೆ ತೆಗೆದುಕೊಂಡದ್ದು ಮೂರು ಸೆಕೆಂಡು.

ಪ್ರಿನ್ಸಿಪಾಲರು ಈಗ ನಿವೃತ್ತರು. ಕೂರಿಸಿ ಚಹಾ ಕೊಟ್ಟರು. "ಏನಾದ್ರೂ ವಿಶೇಷ ಇದೆಯಾ ಈ ಸಲ?" ಎಂದು ಕೇಳಿಯೂ ಕೇಳಿದರು. ಮಾಮ ಚಹಾ ಕೆಳಗಿಟ್ಟು ಪುಸ್ತಕವನ್ನು ಅವರ ಕಡೆ ತಿರುಗಿಸಿದ.

"ಇದೆ ಸಾರ್. ಒಂದು ಸಲ ಓದಿಬಿಡಿ."

"ನೀವು ಓದಿದ್ದೀರಲ್ಲ ಮಾಮ, ಅಷ್ಟು ಸಾಕು" ಎಂದು ಅವರು ನಕ್ಕು ಸಹಿ ಹಾಕಿದರು. ಅದು ಅವನ ಮೇಲಿನ ನಂಬಿಕೆ. ಇಪ್ಪತ್ತೆರಡು ವರ್ಷ ದುಡಿದು ಗಳಿಸಿದ ನಂಬಿಕೆ ಆ ಕ್ಷಣ ಅವನ ಕುತ್ತಿಗೆಗೇ ಉರುಳಾಯಿತು.

ಉಳಿದದ್ದು ಟೀಚರಮ್ಮ. ಮಿಕ್ಕ ನಾಲ್ವರು ಊರಲ್ಲಿರಲಿಲ್ಲ, ಹಾಗಾಗಿ ಐದನೆಯ ಸಹಿ ಅವರದೇ ಆಗಬೇಕು. ಎಂಬತ್ತೆರಡು ವರ್ಷ. ಕಣ್ಣಿಗೆ ಪೊರೆ ಬಂದು ಅಕ್ಷರ ಕಾಣುತ್ತಿರಲಿಲ್ಲ. ಕಿಟಕಿಯ ಬಳಿ ಕೂತಿದ್ದರು. ಮಾಮನ ಹೆಜ್ಜೆಯ ಸದ್ದಿಗೇ, "ಬಾರಪ್ಪಾ" ಎಂದರು. ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಪುಟ ಸವರಿದರು.

"ಓದಿ ಹೇಳಪ್ಪ, ಏನಿದೆ."

ಹಿಂದಿನ ಮೂವರಲ್ಲಿ ಯಾರೂ ಕೇಳದ್ದನ್ನು ಕಣ್ಣಿಲ್ಲದ ಮುದುಕಿ ಕೇಳಿದರು. ಮಾಮ ಓದಲು ಶುರುಮಾಡಿದ. ಕಚೇರಿಯ ಭಾಷೆ ಉದ್ದ. 'ಪ್ರಸಕ್ತ ಸನ್ನಿವೇಶವನ್ನು ಪರಿಗಣಿಸಿ' ಎಂಬಲ್ಲಿಂದ 'ಮುಚ್ಚುವುದು' ಎಂಬಲ್ಲಿಗೆ ತಲುಪಲು ಇನ್ನೂ ಎರಡು ಸಾಲು ಬಾಕಿಯಿತ್ತು. ಟೀಚರಮ್ಮ ಕೈ ಎತ್ತಿ ತಡೆದರು.

"ಆ ಭಾಷೆ ನನಗೆ ಬೇಡಪ್ಪ, ತಲೆಗೆ ಹೋಗಲ್ಲ. ನೀನು ಒಂದೇ ಮಾತಲ್ಲಿ ಹೇಳು. ನಮ್ಮ ಹುಡುಗೀರಿಗೆ ಇದ್ರಿಂದ ಒಳ್ಳೇದಾಗುತ್ತಾ? ಸಹಿ ಹಾಕ್ಲಾ ಬೇಡ್ವಾ?"

ಮಾಮ ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದ. ಬೇಡ ಎನ್ನಬೇಕು. ಎರಡಕ್ಷರ. ಆದರೆ ಬೇಡ ಎನ್ನುವುದು ಯಾರಿಗಾಗಿ? ಇಪ್ಪತ್ತಮೂರು ಜನರಿಗಾಗಿಯೋ, ತನ್ನ ತಂಗಿ ಸುಖವಾಗಿದ್ದ ಜಾಗ ತಪ್ಪಿಹೋಗುತ್ತದೆ ಎಂದೋ? ವಕೀಲರು ಒಬ್ಬರೇ ಎಳೆಯುತ್ತಿರುವುದು ಸುಳ್ಳೇ? ಗೋಡೆ ಬಿರುಕು ಬಿಟ್ಟದ್ದು ಸುಳ್ಳೇ? ಬೇಡ ಎಂದು ನಾಳೆ ಆ ಗೋಡೆ ಬಿದ್ದರೆ? ಹೀಗೆ ಒಂದರ ಮೇಲೊಂದು ಬಂದವು. ಇವೆಲ್ಲದರ ಅಡಿಯಲ್ಲಿ ಇನ್ನೊಂದು ಇತ್ತು, ಅದನ್ನು ಅವನು ಎಷ್ಟೋ ದಿನದ ಮೇಲೆ ಹೆಂಡತಿಗೆ ಒಪ್ಪಿಕೊಂಡ: ಹದಿನಾರು ವರ್ಷದಲ್ಲಿ ಒಂದು ಸಲವೂ ಅವನು ಕೋರಂ ಇಲ್ಲದೆ ವಾಪಸು ಹೋಗಿರಲಿಲ್ಲ.

"ಅದು ನಾನು ಹೇಳೋ ಹಾಗಿಲ್ಲಮ್ಮ" ಎಂದ.

ಟೀಚರಮ್ಮ ನಕ್ಕರು. "ಇಪ್ಪತ್ತೆರಡು ವರ್ಷದಿಂದ ಇದೇ ಮಾತು ನಿಂದು. ಡಾಕ್ಟರಮ್ಮ ನಿನ್ನನ್ನ ಒಳ್ಳೆ ಪಳಗಿಸಿದ್ಳು. ಸರಿ, ಕೆಟ್ಟದ್ದಾಗಿದ್ರೆ ನೀನು ತರ್ತಿರ್ಲಿಲ್ಲ ಬಿಡು." ಬೆರಳಿನಿಂದ ಜಾಗ ತಡವಿ, ಸೊಟ್ಟಗೆ, ಆದರೆ ಪೂರ್ತಿ ಹೆಸರು ಬರೆದು ಸಹಿ ಹಾಕಿದರು. ಮಾಮ ಪುಸ್ತಕ ಮಡಿಸಿ ಚೀಲಕ್ಕೆ ಹಾಕಿಕೊಂಡು ಬೀದಿಗಿಳಿದ. ಸೈಕಲ್ಲನ್ನು ಮನೆಯವರೆಗೂ ತಳ್ಳಿಕೊಂಡೇ ಹೋದ, ಹತ್ತಲಿಲ್ಲ.

ಆರು ವಾರದ ನಂತರ ಮನೆ ಮುಚ್ಚಿತು. ಆ ದಿನ ವಕೀಲರು ಸದಸ್ಯರಿಗೆಲ್ಲ ಬರಲು ಹೇಳಿ ಕಳಿಸಿದ್ದರು. ಒಂಬತ್ತಕ್ಕೆ ಒಂಬತ್ತೂ ಜನ ಬಂದರು. ಹದಿನಾರು ವರ್ಷದಲ್ಲಿ ಮೊದಲ ಸಲ. ಕುರ್ಚಿ ಸಾಲದೆ ಇಬ್ಬರು ನಿಂತರು. ಹಲ್ಲಿನ ಡಾಕ್ಟರು ಪ್ರೆಸ್ಸಿನ ಯಜಮಾನರಿಗೆ ತಮ್ಮ ಪರಿಚಯ ಹೇಳಿಕೊಂಡರು. ಒಂಬತ್ತು ವರ್ಷದಿಂದ ಒಂದೇ ಪುಟದಲ್ಲಿ ಮೇಲೆ ಕೆಳಗೆ ಸಹಿ ಹಾಕಿದ್ದವರು. ಅಂಗಳದಲ್ಲಿ ನಾಲ್ಕು ವ್ಯಾನು ನಿಂತಿದ್ದವು. ಒಳಗೆ ಅಡುಗೆಯವಳು ಒಬ್ಬೊಬ್ಬರಿಗೂ ತಲೆ ಬಾಚಿ ಗಂಟು ಕಟ್ಟುತ್ತಿದ್ದಳು.

ಟೀಚರಮ್ಮ ಆಟೋದಲ್ಲಿ ಬಂದಿದ್ದರು. ಗೋಡೆ ಹಿಡಿದು ಒಳಗೆ ಬಂದವರೇ ಕೇಳಿದರು: "ಯಾರು ಮಾಡಿದ್ದು ಈ ತೀರ್ಮಾನ?"

"ಮಂಡಳಿ ಮಾಡಿದ್ದಮ್ಮ" ಎಂದರು ವಕೀಲರು. "ನಿಮ್ಮದೂ ಸಹಿ ಇದೆ."

"ನಾನು ಮನೆ ಮುಚ್ಚೋದಕ್ಕೆ ಸಹಿ ಹಾಕಿದ್ನಾ?" ಅವರು ಪ್ರಿನ್ಸಿಪಾಲರ ದನಿ ಕೇಳಿದ ಕಡೆ ತಿರುಗಿದರು. "ನೀವು ಓದಿದ್ರಾ?"

"ಬೇರೆಯವರು ಓದಿರ್ತಾರೆ ಅಂದ್ಕೊಂಡೆ" ಎಂದರು ಪ್ರಿನ್ಸಿಪಾಲರು. ಡಾಕ್ಟರು ನೆಲ ನೋಡಿದರು. ಪ್ರೆಸ್ಸಿನವರು ಜೇಬಿನಿಂದ ಫೋನು ತೆಗೆದು ಹಾಗೇ ಒಳಗಿಟ್ಟರು.

ವಕೀಲರು ಒಬ್ಬೊಬ್ಬರ ಮುಖವನ್ನೂ ನೋಡಿದರು. "ನಾಲ್ಕು ಜನಾನೂ ಸಹಿ ಹಾಕಿದ್ರಿ. ಒಬ್ಬರೂ ಬೇಡ ಅನ್ನಲಿಲ್ಲ. ಎಲ್ಲರಿಗೂ ಸುಸ್ತಾಗಿದೆ, ಎಲ್ಲರಿಗೂ ಒಪ್ಪಿಗೆ ಇದೆ ಅಂತ ನಾನು... ಒಬ್ಬರು ಬಂದು ನಾನಿದ್ದೀನಿ ಅಂದಿದ್ರೆ ನಾನು ಮುಚ್ತಿದ್ನಾ?"

ಆಗ ಮಾಮ ಬಾಯಿ ಬಿಟ್ಟ. ಮೆಟ್ಟಿಲ ಕೆಳಗಿನಿಂದ ಎದ್ದು ಬಂದು, ದೊಡ್ಡಿಯ ವಿಷಯ, ಪುಟ್ಟಿಯ ವಿಷಯ, ಹಲ್ಲುನೋವು, ಕಿವಿಯ ಗುಂಡಿ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಒಂಬತ್ತು ಜನರೂ ಕೇಳಿದರು. ಅಷ್ಟು ಜನ ಒಂದೇ ಕೋಣೆಯಲ್ಲಿ ಕೂತು ಒಂದು ಮಾತನ್ನು ಒಟ್ಟಿಗೆ ಕೇಳಿದ್ದು ಎಷ್ಟೋ ಕಾಲದ ಮೇಲೆ.

"ಇದನ್ನ ಅವತ್ತೇ ಯಾಕೆ ಹೇಳ್ಲಿಲ್ಲ ಮಾಮ? ನಾನು ಕೇಳಿದ್ನಲ್ಲ!" ಎಂದರು ವಕೀಲರು.

ಒಪ್ಪಂದಗಳಾಗಿದ್ದವು. ಕಟ್ಟಡವನ್ನು ಡಾಕ್ಟರಮ್ಮನ ವಾರಸುದಾರರಿಗೆ ಬಿಟ್ಟುಕೊಟ್ಟಾಗಿತ್ತು. ದೊಡ್ಡಿಯನ್ನು ಒಂದು ವ್ಯಾನಿಗೆ ಹತ್ತಿಸುವಾಗ ಪುಟ್ಟಿ, "ಅವಳು ಕಿಟಕಿ ಪಕ್ಕ ಕೂತ್ಕೋಬೇಕಂತೆ" ಎಂದಳು. ಚಾಲಕ ಅವಳನ್ನು ಕಿಟಕಿಯ ಪಕ್ಕ ಕೂರಿಸಿದ. ವ್ಯಾನು ತಿರುವು ದಾಟಿದ ಮೇಲೂ ದೊಡ್ಡಿಯ ಕೂಗು ಕೇಳುತ್ತಿತ್ತು. ಪುಟ್ಟಿ ಅದಕ್ಕೂ ಅರ್ಥ ಹೇಳಿದಳು: "ನಾನ್ಯಾಕೆ ಹತ್ತಲಿಲ್ಲ ಅಂತ ಕೇಳ್ತಿದ್ದಾಳೆ."

ಪುಟ್ಟಿ ಅಣ್ಣನ ಮನೆಗೆ ಬಂದಳು. ಅತ್ತಿಗೆ ಹೇಳಿದಂತೆಯೇ ಕೆಲಸ ಬಿಟ್ಟು ಮನೆಯಲ್ಲೇ ಹೊಲಿಗೆ ಹಿಡಿದಳು. ಅವಳ ಋಣ ತೀರಿಸಲು ಮಾಮನಿಗೆ ಈ ಜನ್ಮ ಸಾಲದು. ಪುಟ್ಟಿ ಅಳಲಿಲ್ಲ, ಬಸ್ ನಿಲ್ದಾಣಕ್ಕೂ ಹೋಗಲಿಲ್ಲ. ದಿನಕ್ಕೊಂದು ಸಲ, "ದೊಡ್ಡಿ ಹತ್ರ ಯಾವತ್ತು ಹೋಗೋದು?" ಎಂದು ಕೇಳುತ್ತಿದ್ದಳು. ವಕೀಲರು, ಇಬ್ಬರೂ ಗೆಳತಿಯರು, ಒಟ್ಟಿಗಿಡಿ ಎಂದಷ್ಟೇ ಆ ಸಂಸ್ಥೆಗೆ ಪತ್ರ ಬರೆದರು. ಅಲ್ಲಿಂದ ಉತ್ತರ ಬಂತು: ಮಾತು ಬರುವವರನ್ನು ಆ ವಿಭಾಗಕ್ಕೆ ಸೇರಿಸುವ ನಿಯಮವಿಲ್ಲ, ಹೊಸಬರು ಹೊಂದಿಕೊಳ್ಳಲು ಮೊದಲ ಮೂರು ತಿಂಗಳು ಯಾರೂ ಭೇಟಿಗೆ ಬರುವಂತಿಲ್ಲ. ಮಾಮ ಕ್ಯಾಲೆಂಡರಿನಲ್ಲಿ ದಿನ ಗುರುತಿಟ್ಟ.

ಮೂರು ತಿಂಗಳು ತುಂಬಿದ ಮೊದಲ ಭಾನುವಾರ ಅಣ್ಣ ತಂಗಿ ಬೆಳಿಗ್ಗೆಯ ಬಸ್ಸು ಹಿಡಿದರು. ನಾಲ್ಕೂವರೆ ಗಂಟೆಯ ದಾರಿ. ಪುಟ್ಟಿ ಹೊಸ ಅಂಗಿ ಹಾಕಿಕೊಂಡಿದ್ದಳು, ದಾರಿಯುದ್ದಕ್ಕೂ ದೊಡ್ಡಿಗೆ ಏನೇನು ಹೇಳಬೇಕು ಎಂದು ಪಟ್ಟಿ ಮಾಡುತ್ತಿದ್ದಳು. ಸಂಸ್ಥೆ ದೊಡ್ಡದು, ಶುಭ್ರವಾಗಿತ್ತು. ಅಗಲ ಬಾಗಿಲುಗಳು. ಬಿಳಿ ಉಡುಪಿನ ನರ್ಸು ಒಬ್ಬಳು ಓಡಾಡುತ್ತಿದ್ದಳು. ಪುಟ್ಟಿಯನ್ನು ವರಾಂಡದ ಬೆಂಚಿನ ಮೇಲೆ ಕೂರಿಸಿ ಮಾಮ ಒಳಗೆ ಹೋದ.

ಮೇಲ್ವಿಚಾರಕಿ ಹೆಸರು ಕೇಳಿ ಫೈಲು ತೆಗೆದಳು. ತೆಗೆದು, ಕುರ್ಚಿ ತೋರಿಸಿದಳು. "ಕೂತ್ಕೊಳ್ಳಿ. ಅವರು ತೀರಿಕೊಂಡು ಹತ್ತೊಂಬತ್ತು ದಿನ ಆಯ್ತು."

ಮಾಮ ಕೂರಲಿಲ್ಲ.

"ಮೂರು ದಿನ ಒಂದೇ ಸಮ ಕೂಗ್ತಿದ್ರು. ಹೊಸಬರು ಎಲ್ಲರೂ ಹಾಗೇ ಮಾಡ್ತಾರೆ, ಸರಿ ಹೋಗುತ್ತೆ ಅಂದ್ಕೊಂಡ್ವಿ. ನಾಲ್ಕನೇ ದಿನ ಜ್ವರ ನೋಡಿ ಆಸ್ಪತ್ರೆಗೆ ಸೇರಿಸಿದ್ವಿ. ಹೊಟ್ಟೆ ಒಳಗೆ ಕರುಳು ಒಡೆದು ಕೀವಾಗಿತ್ತಂತೆ. ತಡವಾಗಿತ್ತು. ನಮ್ಮ ಕಡೆಯಿಂದ ನಿರ್ಲಕ್ಷ್ಯ ಏನೂ ಇಲ್ಲ, ಅವರು ಹೇಳಿದ್ದಿದ್ರೆ ತಾನೇ ನಮಗೆ ಗೊತ್ತಾಗೋದು." ಅವಳ ದನಿಯಲ್ಲಿ ಒರಟುತನವಿರಲಿಲ್ಲ. "ತಿಳಿಸೋಕೆ ಅರ್ಜೀಲಿ ಯಾರ ಹೆಸರೂ ಇರ್ಲಿಲ್ಲ. ನೋಡಿ, ನಿಮ್ಮ ಕಡೆಯಿಂದಲೇ ಬಂದ ಅರ್ಜಿ."

ಅರ್ಜಿ ಮಾಮನ ಕೈಬರಹದಲ್ಲಿತ್ತು. ಮುಚ್ಚುವ ಮೊದಲು ಇಪ್ಪತ್ತಮೂರು ಅರ್ಜಿಗಳನ್ನೂ ತುಂಬಿದವನು ಅವನೇ. ಮಾತು: ಇಲ್ಲ. ಸಂಬಂಧಿಕರು: ಯಾರೂ ಇಲ್ಲ. 'ವಿಶೇಷ ಮಾಹಿತಿ' ಎಂಬ ಜಾಗದಲ್ಲಿ, ದಾಖಲೆಯಲ್ಲಿಲ್ಲದ್ದನ್ನು ಬರೆಯಬಾರದೆಂದು, ಸ್ಕೇಲು ಇಟ್ಟು ನೆಟ್ಟಗೆ ಒಂದು ಗೆರೆ ಎಳೆದಿದ್ದ.

ಅವನು ಹೊರಗೆ ಬಂದು ಬೆಂಚಿನ ಮೇಲೆ ತಂಗಿಯ ಪಕ್ಕ ಕೂತ. ಸುಳ್ಳು ಹೇಳಬಹುದಿತ್ತು. ಬೇರೆ ಊರಿಗೆ ಹೋಗಿದ್ದಾಳೆ ಎಂದರೆ ಪುಟ್ಟಿ ನಂಬುತ್ತಿದ್ದಳು. ಆದರೆ ಅವನಿಗೆ ಸಾಕಾಗಿತ್ತು.

"ದೊಡ್ಡಿ ಸತ್ತುಹೋದ್ಳು ಪುಟ್ಟಿ. ಹೊಟ್ಟೆ ನೋವು ಬಂದಿತ್ತಂತೆ. ಯಾರಿಗೂ ಗೊತ್ತಾಗ್ಲಿಲ್ಲ."

ಸಾವು ಎಂದರೆ ಪುಟ್ಟಿಗೆ ಗೊತ್ತು, ಅಮ್ಮನನ್ನು ಕಳಿಸಿಕೊಟ್ಟವಳು. ಅವಳು ತನ್ನ ಅಂಗಿಯ ಅಂಚನ್ನು ಮಡಿಸಿದಳು, ಬಿಡಿಸಿದಳು. ಆಮೇಲೆ ಕೇಳಿದಳು: "ಹೇಗೆ ಕೂಗಿದ್ಳು?"

ಮಾಮನಿಗೆ ಗೊತ್ತಿರಲಿಲ್ಲ. ಪುಟ್ಟಿ ಕತ್ತು ಒಂದು ಕಡೆ ವಾಲಿಸಿ ಕೂಗಿದಳು. ಗಂಟಲಿನ ಆಳದಿಂದ ತಡೆತಡೆದು ಬರುವ, ಕೊನೆಯಲ್ಲಿ ಮೇಲಕ್ಕೆ ಏರುವ ಕೂಗು. ವರಾಂಡದಲ್ಲಿ ಹೋಗುತ್ತಿದ್ದ ನರ್ಸು ಗಕ್ಕನೆ ನಿಂತಳು. ಒಳಗಿನಿಂದ ಮೇಲ್ವಿಚಾರಕಿ ಬಾಗಿಲಿಗೆ ಬಂದಳು.

"ಹೀಗಾ?" ಎಂದು ಪುಟ್ಟಿ ಅವರನ್ನು ಕೇಳಿದಳು.

ನರ್ಸು ಹೌದೆಂದು ತಲೆಯಾಡಿಸಿದಳು.

"ಅದು ಹೊಟ್ಟೆ ನೋವು" ಎಂದಳು ಪುಟ್ಟಿ. ಅಣ್ಣನ ಕಡೆ ತಿರುಗಿದಳು. "ನನಗೆ ಗೊತ್ತಿತ್ತಲ್ಲ. ನನ್ನನ್ನ ಯಾಕೆ ಯಾರೂ ಕೇಳ್ಲಿಲ್ಲ ಅಣ್ಣ?"

"ನಿನ್ನನ್ನ ಕೇಳ್ಬೇಕು ಅಂತ ಅವರಿಗೆ ಗೊತ್ತಿರ್ಲಿಲ್ಲ ಪುಟ್ಟಿ" ಎಂದ ಮಾಮ. "ನನಗೆ ಗೊತ್ತಿತ್ತು. ನಾನು ಹೇಳ್ಲಿಲ್ಲ."